ಸೋಸಿಹೋದ ತಿಥಿ

ಜಯತೀರ್ಥರಾಯರು ಬ್ರೌಸರನ್ನು ತೆರೆದ ಕೂಡಲೇ ಮೂಲೆಯಲ್ಲಿ ‘ಸಾಂತ್ವನ’ದ ಗುರುತು ಮಿನುಗಿತು. ಪತ್ರಿಕೆಯ ಪುಟದಲ್ಲಿ ನೆರೆಹಾವಳಿಯ ಸುದ್ದಿ ಇದ್ದ ಜಾಗಕ್ಕೆ ಹಕ್ಕಿಗಳ ಚಿತ್ರ ಬಂದು ಕುಳಿತಿತು. ಏನು ಮರೆಯಾಯಿತೆಂದು ಅವರಿಗೆ ತಿಳಿಯಲಿಲ್ಲ. ತಿಳಿಯದಿರಲೆಂದೇ ಅವರು ಅದನ್ನು ಹಾಕಿಕೊಂಡಿದ್ದರು.

ಹೊಸ ತಂತ್ರಾಂಶ ಯಾವುದು ಬಂದರೂ ಹಾಕಿ ನೋಡುವುದು ರಾಯರ ಹಳೆಯ ಚಟ. ಹೆಂಡತಿ ತುಂಗಾಬಾಯಿ ತೀರಿಕೊಂಡ ಮೇಲೆ ಈ ಆ್ಯಡ್-ಆನ್, ಅಂದರೆ ಬ್ರೌಸರಿಗೆ ಅಂಟಿಸುವ ಪುಟ್ಟ ತಂತ್ರಾಂಶ, ಅವರ ಕಣ್ಣಿಗೆ ಬಿತ್ತು. ಅದು ಕೈಗಡಿಯಾರದಿಂದ ನಾಡಿಯನ್ನೂ ಪರದೆಯಿಂದ ಕಣ್ಣಿನ ಚಲನೆಯನ್ನೂ ಅಳೆದು, ಯಾವುದು ನೋವು ಕೊಡುವುದೆಂದು ಮೊದಲೇ ಊಹಿಸಿ, ಕಾಣುವ ಮುನ್ನವೇ ಸೋಸಿಬಿಡುತ್ತಿತ್ತು. ಪತ್ರ, ದೂರವಾಣಿ, ಪಂಚಾಂಗ ಎಲ್ಲವೂ ಬ್ರೌಸರಿನ ಮೂಲಕವೇ ಬರುತ್ತಿದ್ದ ಕಾಲ ಅದು. ರಾಯರಿಗೆ ನಿದ್ದೆ ಮರಳಿತು. ಊಟ ಸೇರಿತು.

ಒಂದು ಬೆಳಿಗ್ಗೆ ಪುರೋಹಿತ ಪಾಂಡುರಂಗಾಚಾರ್ಯರು ಬಾಗಿಲಿಗೆ ಬಂದರು.

“ಏನ್ ರಾಯರ, ಮೊದಲನೇ ವರ್ಷದ ಶ್ರಾದ್ಧ! ಮಾಡಸೂದು ಬ್ಯಾಡಾಗಿತ್ತೇನು? ಎಷ್ಟು ಸಲ ಹೇಳಿ ಕಳಸಿದೆ.”

“ಇನ್ನೂ ದಿನಾ ಅದಾವಲ್ರಿ, ಆಚಾರ್ರ?”

“ಎಲ್ಲಿ ದಿನಾ? ಮೊನ್ನೆ ಮಂಗಳವಾರನ ಆಗಿಹೋತು!”

ಮಂಗಳವಾರ ರಾಯರು ಮೂಲೆಯಂಗಡಿಯಲ್ಲಿ ನಿಂತು, ಗೆಳೆಯರೊಡನೆ ನಗುತ್ತ ಉಳ್ಳಾಗಡ್ಡಿ ಭಜಿ ತಿಂದಿದ್ದರು; ಶ್ರಾದ್ಧದ ದಿನ ಈರುಳ್ಳಿ ಮುಟ್ಟುವಂತಿರಲಿಲ್ಲ. ಪಂಚಾಂಗದ ಪುಟ ತೆಗೆದರೆ ಹಿಂದಿನ ದಿನಕ್ಕೆ ಮುಂದಿನ ದಿನ ಹೊಂದಿಕೊಂಡು ಕುಳಿತಿತ್ತು. ನಡುವಿನ ತಿಥಿಯೇ ಇರಲಿಲ್ಲ.

“ಅಮಾವಾಸ್ಯಿಗೆ ಮಾಡಲಿಕ್ಕೆ ಶಾಸ್ತ್ರದಾಗ ದಾರಿ ಅದ, ಗಾಬರಿ ಆಗಬ್ಯಾಡ್ರಿ” ಎಂದು ಆಚಾರ್ಯರು ಸಮಾಧಾನ ಹೇಳಿದರು. ಸಮಾಧಾನವೆಂದರೆ ರಾಯರಿಗೆ ಈಗ ಭಯವಾಗುತ್ತಿತ್ತು.

ಸಾಂತ್ವನವನ್ನು ರೂಪಿಸಿದ ವಿಜ್ಞಾನಿ ಡಾ. ಶಾಲ್ಮಲಿ ಹಂಚಿನಮನಿಯ ಪ್ರಯೋಗಾಲಯ ರಾಯರ ಊರಾದ ಧಾರವಾಡದಲ್ಲೇ ಇತ್ತು. ರಾಯರು ಅಲ್ಲಿಗೆ ಹೋದಾಗ ಅವಳು ಎದ್ದು ಬಂದು ಕುರ್ಚಿ ಕೊಟ್ಟಳು.

“ಅದು ತಪ್ಪು ಮಾಡಿಲ್ರಿ ರಾಯರ. ಆ ತಿಥಿ ಕಣ್ಣಿಗೆ ಬಿದ್ದಾಗೆಲ್ಲಾ ನಿಮ್ಮ ನಾಡಿ ಏರತಿತ್ತು. ಅದಕ್ಕ ತಗದ ಹಾಕೇದ. ಯಾವ ದುಃಖ ನಿಮಗ ಬೇಕು ಅಂತ ಹೇಳ್ರಿ, ಅದನ್ನಷ್ಟ ಬಿಡೂಹಂಗ ಮಾಡಿ ಕೊಡ್ತೀನಿ.”

“ಕಂಡಿದ್ದರಲ್ಲ ಹೇಳೂದು, ಮಗಳ? ಬ್ಯಾರೆ ಏನೇನು ತಗದದ ಅಂತ ನನಗೇನ ಗೊತ್ತು?”

ಹರಿನಾಮ ನುಡಿದು ರಾಯರು ಅವಳೆದುರೇ ಸಾಂತ್ವನವನ್ನು ತೆಗೆದುಹಾಕಿದರು.

ತಡೆಹಿಡಿದದ್ದೆಲ್ಲ ಒಮ್ಮೆಲೇ ಪರದೆಗೆ ಬಂದಿತು. ಆಚಾರ್ಯರ ನೆನಪೋಲೆಗಳು. ಬಾಗಲಕೋಟೆಯ ತಂಗಿ ವೇಣುಬಾಯಿಯ ಮಾತು: “ಅಣ್ಣಾ, ಇವರಿಗೆ ಆರಾಮಿಲ್ಲ.” ಅದರ ಕೆಳಗೆ: “ಅಣ್ಣಾ, ಇವರು ಹೋಗಿಬಿಟ್ರು.” ಕೊನೆಯದು: “ಎಲ್ಲಾರೂ ಬಂದ್ರು. ನೀ ಬರಲಿಲ್ಲ.”

ರಾಯರು ತಂಗಿಗೆ ಕರೆ ಮಾಡಿದರು. ಉತ್ತರವಿಲ್ಲ. ಮತ್ತೆ ಮಾಡಿದರು. ಕೊನೆಗೆ ಅವಳ ಮಗಳು ಭಾರ್ಗವಿಗೆ ಕರೆ ಹೋಯಿತು.

“ಅವ್ವ ಈಗ ಆರಾಮ ಅದಾಳ ಮಾಮಾ” ಎಂದಳು ಭಾರ್ಗವಿ. “ನೀ ಬರಲಿಲ್ಲಂತ ಭಾಳ ಮನಸ್ಸಿಗೆ ಹಚಗೊಂಡಿದ್ಲು. ಅದಕ್ಕ ಸಾಂತ್ವನ ಹಾಕಿಕೊಟ್ಟೇನಿ. ಈಗ ನಿನ್ನ ಹೆಸರು ಎಲ್ಲೂ ಬರೂದಿಲ್ಲ ಆಕಿಗೆ.”

ರಾಯರು ಬಟ್ಟೆಯ ಚೀಲ ಹಿಡಿದು ಬಾಗಲಕೋಟೆಯ ಬಸ್ಸು ಹತ್ತಿದರು. ಸುತ್ತಲಿನವರೆಲ್ಲ ತಮ್ಮ ತಮ್ಮ ಪರದೆ ನೋಡುತ್ತ ಹಿತವಾಗಿ ನಗುತ್ತಿದ್ದರು. ಪಕ್ಕದ ಹೆಂಗಸು ಕೇಳಿದಳು:

“ಎಲ್ಲಿಗೆ ಹೊಂಟೀರಿ ಅಜ್ಜಾರ?”

“ತಂಗಿ ಮನೀಗೆ. ಅಳಲಿಕ್ಕೆ.”

ಚೇಷ್ಟೆಯೆಂದು ತಿಳಿದು ಅವಳು ನಕ್ಕಳು. ಅವರ ಮುಖ ಕಂಡು ನಗು ನಿಂತಿತು. ತನ್ನ ಪರದೆಯ ಮೂಲೆಯಲ್ಲಿ ಮಿನುಗುತ್ತಿದ್ದ ಸಾಂತ್ವನದ ಗುರುತನ್ನು ನೋಡಿದಳು. ಆಮೇಲೆ ಯಾರಿಗೂ ಅಲ್ಲದಂತೆ ಹೇಳಿದಳು:

“ನಮ್ಮಕ್ಕನ ಸುದ್ದಿನ ಬಂದಿಲ್ಲ ನೋಡ್ರಿ, ಭಾಳ ದಿನಾ ಆತು.”