ಎಂಜಲಾದ ಮಾತು

ಸಂಜೆಯ ಶಂಖ ಊದಿದ ಮೇಲೆ ಆ ಊರಿನ ದಾರಿಯಲ್ಲಿ ನಾಯಿಯೂ ಸುಳಿಯುವುದಿಲ್ಲ. ಗೋಡೆಯಿಲ್ಲದ ಮನೆಗಳಲ್ಲಿ ದೀಪ ಹೊತ್ತಿಸಿ ಎಲ್ಲರೂ ಪ್ರಾರ್ಥನೆಗೆ ಕೂರುವ ಹೊತ್ತು ಅದು. ಅಕೆನೇಸೆ ಎಲ್ಲರಿಗಿಂತ ಹಿಂದೆ, ಅಡುಗೆಮನೆಗೆ ಹತ್ತಿರದ ಕಂಬದ ಬಳಿ, ಚಾಪೆಯ ಅಂಚಿನಲ್ಲಿ ಕೂತಿದ್ದಳು. ಸೊಸೆಯ ಜಾಗ ಅದು. ಜಪಮಾಲೆ ಮುಗಿದಿತ್ತು. ಇನ್ನೇನು ಎದ್ದು ಗೆಡ್ಡೆ ಬೇಯಿಸಿದ ಪಾತ್ರೆ ಇಳಿಸಬೇಕು ಎನ್ನುವಷ್ಟರಲ್ಲಿ ಅತ್ತೆ ತೆರೇಸಿಯಾ ಊರುಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಮತ್ತೆ ಕಣ್ಣು ಮುಚ್ಚಿದಳು.

"ಕರ್ತನೇ, ಈ ಮುದುಕೀನ ಕಾಪಾಡಪ್ಪಾ! ಈ ತುತ್ತು ಗಂಟಲಲ್ಲಿ ಸಿಕ್ಕೊಂಡು ಸತ್ತುಹೋಗ್ಲಿ ಅಂತ ಬಯಸೋ ಕೈಯಿಂದ್ಲೇ ನಾನು ಉಣ್ಬೇಕಾಗಿದೆ. ಆ ಕೈಯನ್ನೂ ಕ್ಷಮಿಸು... ಅದು ಯಾರ ಕೈ ಅಂತ ನಾನು ಹೇಳ್ಬೇಕಾಗಿಲ್ಲ, ನಿನಗೆ ಗೊತ್ತು!"

"ಆಮೆನ್" ಎಂದರು ಎಲ್ಲರೂ. ನಾದಿನಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಡ ಪೆಟೆಲೊ ತಿರುಗಿ ಹೆಂಡತಿಯನ್ನು ನೋಡಿದ.

ಆ ಮಾತು ಅಕೆನೇಸೆಯದೇ! ಗಂಟಲು, ತುತ್ತು... ಒಂದಕ್ಷರವೂ ಬದಲಾಗಿರಲಿಲ್ಲ. ತಾನು ಅಗಿದು ಅಂಗೈಯಲ್ಲಿ ಬಚ್ಚಿಟ್ಟಿದ್ದನ್ನು ಇನ್ನೊಬ್ಬರು ಎತ್ತಿ ಬಾಯಿಗೆ ಹಾಕಿಕೊಂಡು ಅಗಿಯುತ್ತಿರುವಂತೆ ಕಂಡಿತು ಅವಳಿಗೆ. ಹಿತ್ತಲಿಗೆ ಓಡಿ ಬಾಳೆಯ ಬುಡದಲ್ಲಿ ಕಾರಿಕೊಂಡಳು.

ಪೆಟೆಲೊ ಹಿಂದೆಯೇ ಬಂದ. "ಅಕೆ, ನಿಜವಾಗ್ಲೂ ಹಾಗಂದ್ಯಾ?"

"ಅಂದೆ."

"ಯಾರ ಹತ್ರ?"

"ದೇವರ ಹತ್ರ ಅಂದ್ಕೊಂಡಿದ್ದೆ..."

ಅವನು ತಲೆ ತಗ್ಗಿಸಿ ಒಳಗೆ ಹೋದ. ತಾಯಿಯ ಎದುರು ಬಾಯಿ ಬಿಡದ ಮಗ, ಹೆಂಡತಿಯ ಎದುರೂ ಬಾಯಿ ಬಿಡದ ಗಂಡ. ಒಳ್ಳೆಯವನು. ಅವನ ಒಳ್ಳೆಯತನದಿಂದ ಯಾರಿಗೂ ಮೂರು ಕಾಸಿನ ಉಪಯೋಗವಿರಲಿಲ್ಲ.

ಅಕೆನೇಸೆ ಸವಾಯಿ ದ್ವೀಪದವಳು. ಹಡಗು ಹತ್ತಿ ಈ ಮನೆಗೆ ಬಂದಂದಿನಿಂದ ಬೆಂಕಿಯ ಮುಂದೆಯೇ ಅವಳ ಬಾಳು. ಅದನ್ನವಳು ದೂರಿರಲಿಲ್ಲ. ಸೊಸೆಯಾಗಿ ಹೋದ ಹೆಣ್ಣುಗಳೆಲ್ಲ ಹಾಗೇ ಇದ್ದರು. ಆದರೆ ತವರಿನಲ್ಲಿ ತಾಯಿ ತೀರಿಕೊಂಡಾಗ ತೆರೇಸಿಯಾ ಮಾಡಿದ್ದನ್ನು ಮಾತ್ರ ನುಂಗಲಾಗಲಿಲ್ಲ. ಬೀಗರ ಸಾವಿಗೆ ನವಿರು ಚಾಪೆಗಳನ್ನು ಹೊತ್ತು, ಊರೆಲ್ಲ ನೋಡುವಂತೆ ಬಿಡಿಸಿ ಅಂಗಳ ದಾಟುವುದು ಮರ್ಯಾದೆ. ಪೆಟ್ಟಿಗೆಯ ತುಂಬ ಚಾಪೆಯಿದ್ದೂ ತೆರೇಸಿಯಾ ಕಳಿಸಿದ್ದು ಇಲಿ ಕಚ್ಚಿದ ಒಂದೇ ಒಂದು ಚಾಪೆ! ಅದನ್ನು ಬಿಡಿಸಿದಾಗ ತವರಿನ ಹೆಂಗಸರು ಮುಖ ತಿರುಗಿಸಿಕೊಂಡರು. ಶವದ ಮುಂದೆ ಅಳುವುದಕ್ಕೂ ಅಕೆನೇಸೆಗೆ ನಾಚಿಕೆಯಾಯಿತು. ಹಿಂದಿರುಗುವಷ್ಟರಲ್ಲಿ ಅತ್ತೆ ಜಾರಿಬಿದ್ದು ಸೊಂಟ ಮುರಿದುಕೊಂಡಿದ್ದಳು. ಅವಳನ್ನು ಎತ್ತಿ, ತೊಳೆದು, ಬೇರುಹಲಸನ್ನು ಕಿವುಚಿ ಉಣಿಸುವ ಕೆಲಸ ಸೊಸೆಯದೇ ಆಯಿತು. ಉಣಿಸುತ್ತಿದ್ದಾಗಲೇ ಒಂದು ದಿನ ಆ ಯೋಚನೆ ಹಾವಿನಂತೆ ಹೆಡೆಯೆತ್ತಿತು. ಮಾರನೆಯ ದಿನವೂ ಎತ್ತಿತು.

ಹೆದರಿ ಅವಳು ಹೋದದ್ದು ಚರ್ಚಿನ ಉಪದೇಶಿ ಅಲೋಯಿಸಿಯೊ ಬಳಿಗೆ. ದೊಡ್ಡ ಪಟ್ಟಣದಲ್ಲಿ ಆತ್ಮಗಳ ಆರೈಕೆಯ ಪಾಠ ಕಲಿತು ಬಂದಿದ್ದ ಹಿರಿಯ ಅವನು. ಊರಿನ ಹೆಂಗಸರೆಲ್ಲ ವಾರಕ್ಕೊಮ್ಮೆ ಅವನೆದುರು ಕೂತು ಮನಸ್ಸು ಬಿಚ್ಚುತ್ತಿದ್ದರು. "ಮೈಗೆ ವೈದ್ಯ ಹೇಗೋ ಆತ್ಮಕ್ಕೆ ನಾನು ಹಾಗೆ, ಮಗಳೇ. ಗಾಯ ಮುಚ್ಚಿಟ್ರೆ ಕೀವಾಗ್ತದೆ" ಎಂದಿದ್ದ. ಅವಳು ಮುಚ್ಚಿಡಲಿಲ್ಲ. ಎಲ್ಲವನ್ನೂ ತೆರೆದು ತೋರಿಸಿದಳು. ಅವನು ಕಣ್ಣೊರೆಸಿಕೊಂಡು ತಲೆಯ ಮೇಲೆ ಕೈಯಿಟ್ಟಿದ್ದ...

ಆ ಕೈಯ ನೆನಪಾಗಿ ಅವಳು ಆ ರಾತ್ರಿ ತಲೆಗೂದಲನ್ನು ಮತ್ತೆ ಮತ್ತೆ ತೊಳೆದಳು.

ಬೆಳಿಗ್ಗೆ ಅವಳು ಅವನ ಮನೆಗೆ ಹೋದಾಗ ಅಲೋಯಿಸಿಯೊ ಕಂಬಕ್ಕೊರಗಿ ಹಲ್ಲಿನ ಸಂದಿಯಿಂದ ಕೋಳಿಮಾಂಸದ ಎಳೆ ಕೀಳುತ್ತಿದ್ದ. ಹಿಂದಿನ ದಿನ ತೆರೇಸಿಯಾ ಕಳಿಸಿದ್ದ ಕೋಳಿ. ಸುಟ್ಟು, ಎಲೆಯಲ್ಲಿ ಸುತ್ತಿ ಕೊಟ್ಟವಳು ಅಕೆನೇಸೆಯೇ.

"ಬಾ ಮಗಳೇ, ಬಾ. ಆತ್ಮ ಹೇಗಿದೆ?"

"ನೀವೇ ಹೇಳಿ. ಊರಿಗೆಲ್ಲ ಹೇಳ್ತಿದ್ದೀರಲ್ಲ."

ಅವನ ಮುಖ ಕಳೆಗುಂದಿತು, ಆದರೆ ದನಿ ಎಣ್ಣೆ ಸುರಿದಂತೆಯೇ ಇತ್ತು. "ಊರಿಗೆಲ್ಲಿ? ನಿನ್ನ ಅತ್ತೆಗೆ ಮಾತ್ರ. ಅದೂ ನಿನಗೋಸ್ಕರ ಪ್ರಾರ್ಥನೆ ಮಾಡ್ಲಿ ಅಂತ! ನೋಡು ತಾಯಿ, ನಾನು ಪಾದ್ರಿಯಲ್ಲ, ಇದು ಪಾಪನಿವೇದನೆಯೂ ಅಲ್ಲ. ಯಾರಿಗೂ ಹೇಳ್ಬಾರ್ದು ಅಂತ ಅದಕ್ಕಿರೋ ಮುದ್ರೆ ಇದಕ್ಕಿಲ್ಲ. ಮನೆಯೋರ ಆತ್ಮ ಎಲ್ಲ ಒಂದೇ ಅಲ್ವಾ?"

"ನಾನು ಪಾದ್ರಿಯನ್ನ ನಂಬಿ ಬರ್ಲಿಲ್ಲ, ನಿಮ್ಮನ್ನ ನಂಬಿ ಬಂದೆ!"

"ಸಿಟ್ಟಾಗ್ಬೇಡ..." ಅವನು ಮುಂದಕ್ಕೆ ಬಾಗಿದ. ಬಾಯಿಯಿಂದ ಹಳಸಿದ ಕೊಬ್ಬರಿಯ ವಾಸನೆ ಬಂತು. "ನಿನ್ನತ್ತೆ ಏನು ದೇವಕನ್ಯೆಯಾ? ಕೇಳು, ನಿನಗೆ ಸಮಾಧಾನ ಆಗ್ತದೆ. ಅವಳು ಸೊಸೆಯಾಗಿ ಬಂದಾಗ ಅವಳ ಅತ್ತೆಯೂ ಹಾಸಿಗೆ ಹಿಡಿದಿದ್ಲು. ಒಂದು ಮಧ್ಯಾಹ್ನ ನೀರು ನೀರು ಅಂತ ಕೂಗಿದ್ಲಂತೆ. ಕೇಳಿಯೂ ಇವಳು ಹೋಗ್ಲಿಲ್ಲ. ಆಮೇಲೆ ಹೋಗಿ ನೋಡಿದ್ರೆ ಜೀವ ಇಲ್ಲ! ಈಗ್ಲೂ ನನ್ನ ಮುಂದೆ ಕೂತು ಅದನ್ನೇ ಹೇಳಿ ಅಳ್ತಾಳೆ ಪಾಪ..."

ಸಕ್ಕರೆ ಹಂಚುವವನಂತೆ ಹೇಳಿದ ಅವನು. ಅಕೆನೇಸೆ ಎದ್ದು ನಿಂತಳು. ಥೂ! ಇವನ ಹೊಟ್ಟೆಯೊಳಗೆ ಊರಿನ ಎಷ್ಟು ಹೆಂಗಸರ ಕಣ್ಣೀರು ಕೊಳೆಯುತ್ತಿದೆಯೋ! ಹೊರಟುಬಂದಳು. ಆದರೆ ದಾರಿಯುದ್ದಕ್ಕೂ ಅವಳ ಕೈಗೊಂದು ಕತ್ತಿ ಸಿಕ್ಕಿದಂತಾಗಿತ್ತು.

ಭಾನುವಾರ ಪೂಜೆ ಮುಗಿದು ದೊಡ್ಡ ಊಟಕ್ಕೆ ಎಲ್ಲರೂ ಸೇರಿದರು. ಅಲೋಯಿಸಿಯೊ ಎಂದಿನಂತೆ ತೆರೇಸಿಯಾಳ ಬಲಕ್ಕೆ ಕೂತ. ಮನೆಮಂದಿಯೆಲ್ಲ ಉಂಡ ಮೇಲೆ ಉಣ್ಣಬೇಕಾದ ಅಕೆನೇಸೆ ಬಡಿಸುತ್ತಿದ್ದಳು.

"ನೋಡ್ಕೊಂಡು ಬಡಿಸಮ್ಮಾ" ಎಂದಳು ತೆರೇಸಿಯಾ, ಎಲ್ಲರಿಗೂ ಕೇಳುವಂತೆ. "ನನ್ನ ಪಾಲಿನ ಮೀನಲ್ಲಿ ಮುಳ್ಳು ಗಿಳ್ಳು ಉಳಿದೀತು. ಗಂಟಲು ಚಿಕ್ಕದು ನನ್ನದು!"

ನಾದಿನಿಯರು ಕಿಸಕ್ಕನೆ ನಕ್ಕರು. ಅಕೆನೇಸೆಯ ಕೈ ನಿಂತಿತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ನೀರು ಕೊಡ್ಲಾ ಅತ್ತೆ? ಕೂಗಿದ್ರೆ ನಾನಾದ್ರೂ ಬರ್ತೀನಿ... ಅಷ್ಟು ಸಾಕಿತ್ತು! ಈ ಹೆಂಗಸು ಮಕ್ಕಳ ಮುಂದೆ, ನೆಂಟರ ಮುಂದೆ ಮಣ್ಣಾಗಿ ಹೋಗುತ್ತಿದ್ದಳು. ಅಕೆನೇಸೆ ಅಲೋಯಿಸಿಯೊನತ್ತ ನೋಡಿದಳು. ಬೆರಳಿಗಂಟಿದ ತೆಂಗಿನಹಾಲನ್ನು ನೆಕ್ಕುತ್ತಿದ್ದವನು ಹಾಗೆಯೇ ಬೆರಳು ಬಾಯಲ್ಲಿಟ್ಟುಕೊಂಡು ಬೆಪ್ಪಾಗಿ ಅವಳನ್ನೇ ನೋಡುತ್ತಿದ್ದ. ಹೇಳಬೇಡ ಎಂದು ಅವನ ಕಣ್ಣು ಬೇಡುತ್ತಿತ್ತು.

ಆ ಒದ್ದೆ ಬೆರಳು ನೋಡಿದ್ದೇ ತಡ, ಅವಳ ನಾಲಿಗೆಯ ಮೇಲಿದ್ದ ಮಾತು ಅವನ ಬಾಯಿಯ ಎಂಜಲೆಂಬುದು ನೆನಪಾಯಿತು. ಅದನ್ನು ಉಗುಳಿದರೆ ತಾನೂ ಅದೇ ತಟ್ಟೆಯಲ್ಲಿ ಉಂಡವಳಾಗುತ್ತೇನೆ! ಮೀನಿನ ಮುಳ್ಳು ಬಿಡಿಸಿ ಅತ್ತೆಯ ಮುಂದಿಟ್ಟು ಒಳಗೆ ಹೋದಳು.

ಮಧ್ಯಾಹ್ನ ಬಚ್ಚಲಲ್ಲಿ ಅತ್ತೆಯ ಬೆನ್ನು ಉಜ್ಜುವಾಗ ಅಕೆನೇಸೆಯೇ ಮಾತು ತೆಗೆದಳು.

"ಅತ್ತೆ, ನನ್ನ ಗುಟ್ಟು ನಿಮಗೆ ಕೊಟ್ಟ ಬಾಯೇ ನಿಮ್ಮ ಗುಟ್ಟನ್ನ ನನಗೆ ಕೊಟ್ಟಿದೆ. ನಿಮ್ಮತ್ತೆ ಕೇಳಿದ ನೀರಿನ ಗುಟ್ಟು."

ತೆರೇಸಿಯಾಳ ಬೆನ್ನು ಕಲ್ಲಾಯಿತು.

"ಇನ್ನ್ಯಾರಿಗೆ ಹೇಳಿದ್ದಾನೆ?"

"ಗೊತ್ತಿಲ್ಲ."

"ಊಟದ ಹೊತ್ತಿಗೇ ಗೊತ್ತಿತ್ತಾ ನಿನಗೆ? ನಾನು ಮುಳ್ಳು ಅಂದಾಗ?"

"ಗೊತ್ತಿತ್ತು."

"ಮತ್ಯಾಕೆ ಹೇಳ್ಲಿಲ್ಲ? ನಾನಾಗಿದ್ರೆ ಬಿಡ್ತಿರ್ಲಿಲ್ಲ."

"ಹೇಸಿಗೆ ಆಯ್ತು."

"ನನ್ಮೇಲಾ?"

"ಆ ಮಾತಿನ ಮೇಲೆ. ಅವನ ಬಾಯಲ್ಲಿದ್ದು ಬಂದದ್ದು ಅದು."

ತೆರೇಸಿಯಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅವಳ ಸಣಕಲು ಭುಜ ಅಲುಗತೊಡಗಿತು. "ಅಯ್ಯೋ ದೇವರೇ... ನನ್ನ ಗಂಡನಿಗೂ ಹೇಳಿರ್ಲಿಲ್ಲವಲ್ಲೇ ಅದನ್ನ! ಆ ಉಪದೇಶಿ ಮುಂದೆ ಸುರಿದೆ, ಕೋಳಿ ಸುಟ್ಟು ತಿನ್ನಿಸ್ದೆ... ನಿನ್ನ ಮಾತನ್ನ ತಂದು ಕೊಟ್ಟಾಗ ಎಷ್ಟು ರುಚಿಯಾಗಿತ್ತು ಗೊತ್ತಾ ನನಗೆ? ದೇವರ ಮುಂದೆ ಕೂತು ಚಪ್ಪರಿಸಿದೆನಲ್ಲೇ! ಥೂ... ನನ್ನ ಬಾಯಿಗಿಷ್ಟು ನೀರು ಹಾಕು!"

ಅಕೆನೇಸೆ ನೀರು ಹಾಕಿದಳು. ಮುದುಕಿ ಮುಕ್ಕಳಿಸಿ ಉಗುಳಿದಳು. ಸೊಸೆಗೆ ಅಪ್ಪಿಕೊಳ್ಳಬೇಕೆನಿಸಲಿಲ್ಲ. ಅಲ್ಲಿಂದ ಎದ್ದು ಹೋಗಬೇಕೆಂದೂ ಅನಿಸಲಿಲ್ಲ. ಬೆನ್ನು ಉಜ್ಜುವುದನ್ನು ಮುಂದುವರಿಸಿದಳು.

"ಒಂದು ಕೇಳ್ತೀನಿ, ನಿಜ ಹೇಳು" ಎಂದಳು ತೆರೇಸಿಯಾ. "ಈಗ್ಲೂ ಹಾಗನ್ನಿಸ್ತದಾ? ಗಂಟಲಲ್ಲಿ ಸಿಕ್ಕೊಳ್ಳಿ ಅಂತ?"

"ಕೆಲವು ದಿನ ಅನ್ನಿಸ್ತದೆ, ಅತ್ತೆ."

"ಹ್ಞೂಂ. ಇಲಿ ಕಚ್ಚಿದ ಚಾಪೆ ಕಳಿಸಿದ್ದೆನಲ್ಲ." ಅಷ್ಟೇ ಅಂದಳು ಮುದುಕಿ. ಅಕೆನೇಸೆಯ ಕಣ್ಣೀರು ಆಗ ಬಂತು, ತಾಯಿ ಸತ್ತ ದಿನ ಬಾರದೆ ಉಳಿದಿದ್ದ ಕಣ್ಣೀರು.

ಮುಂದಿನ ಭಾನುವಾರ ಅಲೋಯಿಸಿಯೊ ತಲೆಗೆ ಎಣ್ಣೆ ಸವರಿಕೊಂಡು ಊಟಕ್ಕೆ ಬಂದಾಗ ತೆರೇಸಿಯಾ ಊರುಗೋಲನ್ನು ಮೆಟ್ಟಿಲಿಗೆ ಅಡ್ಡ ಹಿಡಿದಳು. "ನಿನಗಿಲ್ಲಿ ಊಟ ಇಲ್ಲ. ನನ್ನ ಕಥೆ ತಿಂದೆ, ನನ್ನ ಸೊಸೆ ಕಥೆ ತಿಂದೆ, ಹೊಟ್ಟೆ ತುಂಬಿರ್ಬೇಕಲ್ಲ? ಆ ನೀರಿನ ವಿಷಯ ಊರಲ್ಲಿ ಹೇಳೋದಿದ್ರೆ ಹೇಳ್ಕೋ ಹೋಗು. ನನ್ನ ಮಕ್ಕಳಿಗೆ ನಾನೇ ಹೇಳಿದ್ದಾಗಿದೆ!" ಹೌದು, ಹಿಂದಿನ ಸಂಜೆ ಪ್ರಾರ್ಥನೆ ಮುಗಿದ ಮೇಲೆ ಅವಳೇ ನಡುಗುವ ದನಿಯಲ್ಲಿ ಹೇಳಿಬಿಟ್ಟಿದ್ದಳು. ಸೊಸೆಯ ಮಾತು ಕದ್ದ ಮಾತು, ಅದನ್ನು ಕೇಳಿದವರೆಲ್ಲ ಮರೆಯಬೇಕು ಎಂದೂ ಹೇಳಿದ್ದಳು. ಮರೆಯುವುದು ಅಷ್ಟು ಸುಲಭವಲ್ಲ. ಹಿರಿಯ ಮಗಳು ಅವತ್ತಿನಿಂದ ತಾಯಿಯ ಪಕ್ಕ ಕೂರುವುದನ್ನು ಬಿಟ್ಟಳು. ತೆರೇಸಿಯಾ ಅದನ್ನು ನೋಡಿಯೂ ನೋಡದಂತಿದ್ದಳು.

ಒಂದು ಬೆಳಿಗ್ಗೆ ಅವಳು ಅಕೆನೇಸೆಯನ್ನು ಕರೆದು ಹೇಳಿದಳು: "ಗುಡ್ಡದ ಮೇಲಿನ ಮಠದಲ್ಲಿ ವಿಟೊಲಿನಾ ಅಂತ ವಯಸ್ಸಾದ ಸಿಸ್ಟರ್ ಇದ್ದಾರೆ. ಅವರೂ ಆತ್ಮದ ಮಾತು ಕೇಳ್ತಾರೆ. ಬಾಯಿ ಬಿಗಿ ಅಂತಾರೆ. ವಾರಕ್ಕೊಂದಿನ ಹೋಗಿ ಬಾ. ಒಲೆ ಹುಡುಗೀರು ನೋಡ್ಕೊಳ್ಳಿ."

"ನನಗೆ ಇನ್ನ್ಯಾರ ಮುಂದೆಯೂ ಬಾಯಿ ಬಿಡೋ ಮನಸ್ಸಿಲ್ಲ."

"ಮುಚ್ಚಿಟ್ರೆ ಏನಾಗ್ತದೆ ಅಂತ ನನ್ನ ನೋಡು! ನಲವತ್ತು ವರ್ಷ ಮನೆಯೋರಿಗೆ ಹೇಳ್ದೆ ಹೊಟ್ಟೇಲಿಟ್ಕೊಂಡು ವಿಷ ಆದೆ. ಹೋಗು. ನನ್ನ ಬಗ್ಗೆ ಹೇಳೋದಿದ್ರೆ ಹೊಟ್ಟೆ ತುಂಬ ಹೇಳು. ನಾನು ಕೇಳಲ್ಲ."

ಮಠದ ಜಗಲಿಯಲ್ಲಿ ಸಿಸ್ಟರ್ ವಿಟೊಲಿನಾ ಎದುರಿಗೊಂದು ಕುರ್ಚಿ ಎಳೆದರು. ಅಕೆನೇಸೆ ಕೂರುತ್ತಲೇ ಹೇಳಿದಳು: "ಸಿಸ್ಟರ್, ನನಗೆ ನಿಮ್ಮ ಮೇಲೂ ನಂಬಿಕೆ ಇಲ್ಲ. ಹೇಸಿಗೆ ಇನ್ನೂ ಹೋಗಿಲ್ಲ."

"ಹೋಗದಿದ್ರೆ ಇರ್ಲಿ. ಅದು ದೇವರಿಗೂ ಆಗಿರ್ತದೆ" ಎಂದರು ಸಿಸ್ಟರ್. "ಇವತ್ತು ಏನೂ ಹೇಳ್ಬೇಡ. ಸುಮ್ನೆ ಕೂತ್ಕೋ. ನಾನೂ ಕೂರ್ತೀನಿ."

ಇಬ್ಬರೂ ಕೂತರು. ಕೆಳಗೆ ಹವಳದ ದಿಬ್ಬಕ್ಕೆ ಸಮುದ್ರದ ಅಲೆ ಬಡಿಯುತ್ತಿತ್ತು. ಹೊರಡುವ ಹೊತ್ತಿಗೆ ಅಕೆನೇಸೆಯ ಬಾಯಿಂದ ಒಂದೇ ಒಂದು ವಾಕ್ಯ ಬಂದಿತ್ತು. ಸಿಸ್ಟರ್ ಅದಕ್ಕೆ ತಲೆಯಾಡಿಸಿದರು, ಏನನ್ನೂ ಸೇರಿಸಲಿಲ್ಲ.

ಅವಳು ಬಸ್ಸಿಳಿದು ಮನೆಗೆ ಬಂದಾಗ ತೆರೇಸಿಯಾ ಮೆಟ್ಟಿಲ ಮೇಲೆ ಕೂತು ದಾರಿ ಕಾಯುತ್ತಿದ್ದಳು. ಸೊಸೆಯ ಮುಖವನ್ನು, ಕಣ್ಣನ್ನು, ಮತ್ತೆ ಮುಖವನ್ನು ನೋಡಿದಳು. ಮುದುಕಿಯ ತುಟಿ ತೆರೆಯಿತು, ಮುಚ್ಚಿತು. ಊರುಗೋಲಿನ ಮೇಲಿದ್ದ ಬೆರಳುಗಳು ಬಿಳಿಚಿಕೊಂಡವು. ಕೊನೆಗೆ ಅವಳು ದೊಡ್ಡದೊಂದು ಉಸಿರು ಎಳೆದುಕೊಂಡು ಕೇಳಿದಳು:

"ಬಸ್ಸಲ್ಲಿ ಕೂರೋಕೆ ಜಾಗ ಸಿಕ್ತಾ?"

"ಸಿಕ್ತು ಅತ್ತೆ" ಎಂದಳು ಅಕೆನೇಸೆ.