ಸಿದ್ದವ್ವ ಬಿದ್ದದ್ದೆಲ್ಲಿ?

ಸೋಮವಾರ ಬೆಳಿಗ್ಗೆ ತಾಯಿಯ ಕೈ ಮುಟ್ಟಿದ ಕೂಡಲೇ ಡಾಕ್ಟರ್ ಶ್ರೀಶೈಲನಿಗೆ ತಿಳಿಯಿತು. ಬಲಗೈಯ ಮಣಿಕಟ್ಟು ಮುರಿದಿದೆ. ಎರಡೂ ತೋಳುಗಳ ಮೇಲೆ ಬೆರಳಿನ ಗುರುತು ನೀಲಿಗಟ್ಟಿದೆ.

"ಯಾರು ಹಿಡದಾರವ್ವಾ ನಿನ್ನ?"

ಸಿದ್ದವ್ವ ಮಗನ ಮುಖ ನೋಡಿ ನಕ್ಕರು. ಮರೆವಿನ ಕಾಯಿಲೆ ಅವರ ಇಂಗ್ಲಿಷನ್ನು ಎಂದೋ ಅಳಿಸಿಹಾಕಿತ್ತು. ಈಗ ನಿನ್ನೆ ಮೊನ್ನೆಗಳೂ ಕೈಗೆ ಸಿಗುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಕೈಗೆ ಪ್ಲಾಸ್ಟರ್ ಹಾಕಿ ಕಳಿಸಿದರು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಅಂಚಿನಲ್ಲಿ ಸಿದ್ದವ್ವ ಇದ್ದ ಕೇರ್ ಹೋಮ್‌ನಿಂದ, ವೃದ್ಧರ ಆರೈಕೆಯ ಆ ಮನೆಯಿಂದ, ಅಂದೇ ವರದಿಯೂ ಹೋಯಿತು. ಅಲ್ಲಿರುವವರಿಗೆ ದೊಡ್ಡ ಪೆಟ್ಟಾದರೆ ತಿಳಿಸಲೇಬೇಕು, ಅದು ಕಾನೂನು. ಭಾನುವಾರ ರಾತ್ರಿ ಮಂಚದಿಂದ ಜಾರಿ ಬಿದ್ದರು, ಪಾಳಿಯಲ್ಲಿದ್ದವನು ಅನೀಶ್, ಅವನನ್ನು ಸಸ್ಪೆಂಡ್ ಮಾಡಿದ್ದೇವೆ. ಹಾಗೆಂದು ಬರೆದವರು ಮ್ಯಾನೇಜರ್ ಹಂಸಾ.

ಮರುದಿನ ವಿಚಾರಣೆಗೆ ಬಂದವಳು ಚಂದ್ರಿಕಾ. ಕೇರ್ ಹೋಮ್‌ಗಳ ಮೇಲೆ ಕಣ್ಣಿಡುವ ಸಂಸ್ಥೆಯ ಇನ್ಸ್‌ಪೆಕ್ಟರ್. ಮೈಸೂರಿನವಳು, ಮಾತು ಕಡಿಮೆ.

* * *

ಸಿದ್ದವ್ವನ ಕೋಣೆ ಕೆಳಮಹಡಿಯಲ್ಲಿತ್ತು. ಚಂದ್ರಿಕಾ ಮೊದಲು ಮಂಚ ನೋಡಿದಳು. ಗೇಣುದ್ದವೂ ಎತ್ತರವಿಲ್ಲ. ಪಕ್ಕದಲ್ಲಿ ದಪ್ಪನೆಯ ಮ್ಯಾಟ್.

"ಇಲ್ಲಿಂದ ಬಿದ್ದು ಕೈ ಮುರಿಯುತ್ತಾ, ಡಾಕ್ಟ್ರೇ?"

"ಮೂಳೆ ಸವೆದಿದೆ, ಮುರೀಬಹುದು," ಎಂದ ಶ್ರೀಶೈಲ. "ಆದರೆ ತೋಳಿನ ಮೇಲೆ ಬೆರಳು ಹೇಗೆ ಮೂಡುತ್ತೆ? ಆ ಹುಡುಗ ಒರಟಾಗಿ ಎಳೆದಿದ್ದಾನೆ. ನನಗೆ ಅನುಮಾನವೇ ಇಲ್ಲ."

ಸಿದ್ದವ್ವನ ಎಡಗೈಯಲ್ಲಿ ಹಸಿರು ಗಾಜಿನ ಬಳೆಗಳಿದ್ದವು. ಬಲಗೈಯಲ್ಲಿ ಪ್ಲಾಸ್ಟರ್ ಮಾತ್ರ.

"ಬಲಗೈ ಬಳೆ ಆಸ್ಪತ್ರೆಯಲ್ಲಿ ತೆಗೆದ್ರಾ?"

"ಇಲ್ಲ. ನಾನು ಬಂದಾಗಲೇ ಇರಲಿಲ್ಲ. ಅವ್ವ ತೆಗೆಯೋಕೆ ಬಿಡೋಳಲ್ಲ. ಅಪ್ಪ ತೀರಿಕೊಂಡಾಗಲೇ ಬಿಡಲಿಲ್ಲ. 'ಮದಿವಿಗೆ ಮೊದಲೂ ನನ್ನ ಕೈಯಾಗ ಇದ್ವು' ಅಂತ ಎಲ್ಲರ ಬಾಯಿ ಮುಚ್ಚಿಸಿದ್ದಳು."

ಚಂದ್ರಿಕಾ ಮಂಡಿಯೂರಿ ಮ್ಯಾಟ್ ಎತ್ತಿದಳು. ಮಂಚದ ಕೆಳಗೂ ಕೈಯಾಡಿಸಿದಳು. ಗಾಜಿನ ಚೂರಿಲ್ಲ.

"ಅಜ್ಜಿ, ಎಲ್ಲಿ ಬಿದ್ರಿ?"

"ಹಸರ ಗಾಡಿ ಹೊಂಟಿತ್ತವಾ," ಎಂದರು ಸಿದ್ದವ್ವ. "ಕೆಳಗ ಹೊಂಟಿತ್ತು. ನೆತ್ತಿ ಮ್ಯಾಗ ಕಡ್ಡಿ ಇತ್ತು. ಹತ್ತೂಣು ಅಂತ ಎದ್ದೆ…" ಮಾತು ಅಲ್ಲಿಗೇ ನಿಂತಿತು. ಕಣ್ಣು ಮುಚ್ಚಿಕೊಂಡವು.

"ನಿನ್ನೆಯಿಂದ ಹೀಗೇ ತೂಕಡಿಕೆ. ನೋವಿನ ಮಾತ್ರೆ ಕೊಟ್ಟಿದ್ದಾರೆ," ಎಂದ ಶ್ರೀಶೈಲ. "ಗಾಡಿ ಅಂದರೆ ಊರಿನ ಬಸ್ಸು. ಹಳೇ ನೆನಪು."

ಬಸ್ಸಿನ ನೆತ್ತಿಯ ಮೇಲೆ ಕಡ್ಡಿ ಇರುತ್ತದೆಯೇ? ಚಂದ್ರಿಕಾ ಕಿಟಕಿಯತ್ತ ತಿರುಗಿದಳು. ಹೊರಗೆ ಆಳೆತ್ತರದ ಬೇಲಿಗಿಡ. ಅದರಾಚೆ ಏನೂ ಕಾಣದು.

* * *

ಅನೀಶ್ ಯೂನಿವರ್ಸಿಟಿ ಪಕ್ಕದ ಕೆಫೆಯಲ್ಲಿ ಕಾದಿದ್ದ. ಮಾಸ್ಟರ್ಸ್ ಓದುತ್ತ ವಾರಾಂತ್ಯ ಕೇರ್ ಹೋಮ್‌ನಲ್ಲಿ ದುಡಿಯುತ್ತಿದ್ದವನು. ಕಣ್ಣು ಕೆಂಪಾಗಿತ್ತು.

"ನಾನು ಅಜ್ಜಿಯನ್ನ ಎಳೆದಿಲ್ಲ ಮೇಡಂ. ಅವರು ನನ್ನ 'ತಮ್ಮಾ' ಅಂತಾರೆ. ಈ ಕಪ್ಪು ಚುಕ್ಕೆ ಬಿದ್ರೆ ಇನ್ನೆಲ್ಲೂ ಕೇರ್ ಕೆಲಸ ಸಿಗಲ್ಲ."

"ನೀನು ಬಂದಾಗ ಹೇಗಿದ್ರು?"

"ಮಲಗಿದ್ರು. ಕೈ ಹೊದಿಕೆ ಒಳಗಿತ್ತು. ಒಮ್ಮೆ ಮಗ್ಗುಲು ಬದಲಿಸಿದಾಗ ನೋಡಿದೆ, ಬಲಗೈಯಲ್ಲಿ ಬಳೆ ಇರಲಿಲ್ಲ. ಯಾರೋ ತೆಗೆದಿಟ್ಟಿದಾರೆ ಅಂದ್ಕೊಂಡೆ."

"ಹಂಸಾ ಅವರು ನಿನ್ನ ಮೇಲೆ ಯಾಕೆ ಹಾಕಿದ್ರು?"

"ಅವರ ತಪ್ಪಿಲ್ಲ ಮೇಡಂ, ತುಂಬಾ ಒಳ್ಳೆಯವರು. ಭಾನುವಾರ ಅವರ ರಜಾ ದಿನ. ಆದ್ರೂ ನಾನು ಹೋದಾಗ ಎಲ್ಲರಿಗೂ ಬಿಸಿನೀರಿನ ಬ್ಯಾಗ್ ತುಂಬಿಸಿ ಕೊಡ್ತಾ ಇದ್ರು."

ಚಂದ್ರಿಕಾ ಕಾಫಿ ಅರ್ಧಕ್ಕೇ ಬಿಟ್ಟು ಎದ್ದಳು.

* * *

"ಮೇಲೆ ಏನಿದೆ, ಹಂಸಾ?" ಕೇರ್ ಹೋಮ್‌ಗೆ ಮರಳಿದ ಚಂದ್ರಿಕಾ ಕೇಳಿದಳು.

"ಸ್ಟೋರ್ ಅಷ್ಟೇ. ಮೆಟ್ಟಿಲಿಗೆ ಗೇಟ್ ಹಾಕೋ ತನಕ ಯಾರನ್ನೂ ಇಡಬಾರದು ಅಂತ ನಿಮ್ಮವರೇ ಹೇಳಿದಾರಲ್ಲ."

"ನೋಡೋಣ ಬನ್ನಿ."

ಮೇಲಿನ ಕೋಣೆಯಲ್ಲಿ ಪೆಟ್ಟಿಗೆಗಳ ನಡುವೆ ಒಂದು ಹೀಟರ್. ಕಿಟಕಿಯ ಬಳಿ ಆರಾಮಕುರ್ಚಿ. ಚಂದ್ರಿಕಾ ಅದರಲ್ಲಿ ಕುಳಿತಳು. ಬೇಲಿಯಾಚೆಯ ರಸ್ತೆಯಲ್ಲಿ ಹಸಿರು ಟ್ರ್ಯಾಮ್ ಹೊರಟಿತ್ತು. ಅದರ ಛಾವಣಿ ಕಾಣುತ್ತಿತ್ತು. ಮೇಲಿನ ವಿದ್ಯುತ್ ತಂತಿಗೆ ತಾಗಿದ ಕಡ್ಡಿಯೂ.

ಅವಳು ಹೊರಗೆ ಬಂದು ಮೆಟ್ಟಿಲ ಕಾರ್ಪೆಟ್ಟಿನ ಅಂಚನ್ನು ಬೆರಳಿನಿಂದ ಸರಿಸಿದಳು. ಹಸಿರು ಗಾಜಿನ ಚೂರೊಂದು ಮಿಂಚಿತು.

ಹಂಸಾ ಗೋಡೆಗೆ ಒರಗಿದರು.

"ಉಳಿದದ್ದು ಆಮೇಲೆ," ಎಂದಳು ಚಂದ್ರಿಕಾ. "ಅಜ್ಜಿ ತಲೆಗೆ ಪೆಟ್ಟು ಬಿತ್ತಾ?"

ಹಂಸಾ ಗಾಜಿನ ಚೂರನ್ನೇ ನೋಡುತ್ತಿದ್ದರು.

"ಹಂಸಾ, ಅವರು ನಿನ್ನೆಯಿಂದ ತೂಕಡಿಸ್ತಾ ಇದಾರೆ."

"ಬಿತ್ತು," ಎಂದರು ಹಂಸಾ. "ಗೋಡೆಗೆ ತಗಲಿತು. ಊದಿಕೊಳ್ಳಲಿಲ್ಲ. ನೋವು ಅಂತಲೂ ಅನ್ನಲಿಲ್ಲ."

ಚಂದ್ರಿಕಾ ಆಗಲೇ ಆಂಬುಲೆನ್ಸ್‌ಗೆ ಫೋನ್ ಮಾಡುತ್ತಿದ್ದಳು.

* * *

ಸ್ಕ್ಯಾನ್‌ನಲ್ಲಿ ತಲೆಬುರುಡೆಯೊಳಗೆ ಮೆಲ್ಲಗೆ ಒಸರುತ್ತಿದ್ದ ರಕ್ತ ಕಂಡಿತು. ಆಪರೇಷನ್‌ಗೆ ಒಯ್ದರು. ಕಾರಿಡಾರಿನ ಬೆಂಚಿನಲ್ಲಿ ಶ್ರೀಶೈಲ ತಲೆ ತಗ್ಗಿಸಿ ಕುಳಿತಿದ್ದ.

"ನಾನು ಡಾಕ್ಟರ್. ನನಗೇ ಹೊಳೀಲಿಲ್ಲ."

"ತಗ್ಗು ಮಂಚ, ದಪ್ಪ ಮ್ಯಾಟ್. ತಲೆ ಸ್ಕ್ಯಾನ್ ಬೇಕು ಅಂತ ಯಾರಿಗೆ ತಾನೇ ಅನ್ನಿಸೀತು?" ಎಂದಳು ಚಂದ್ರಿಕಾ. "ಆದರೆ ಬಳೆ ಒಡೆದ ಜಾಗದಲ್ಲಿ ಚೂರು ಇರಲೇಬೇಕು. ಕೋಣೆಯಲ್ಲಿ ಇರಲಿಲ್ಲ. ಅನೀಶ್ ಬರೋ ಹೊತ್ತಿಗೇ ಬಳೆ ಹೋಗಿತ್ತು. ಅಂದರೆ ಬಿದ್ದದ್ದು ಹಗಲಲ್ಲಿ, ಬೇರೆ ಕಡೆ. ಟ್ರ್ಯಾಮಿನ ನೆತ್ತಿ ಕಾಣಬೇಕಾದರೆ ಮೇಲಿಂದ ನೋಡಿರಬೇಕು. ಇನ್ನು ಬಿಸಿನೀರಿನ ಬ್ಯಾಗ್. ಹೀಟಿಂಗ್ ಸರಿ ಇರೋ ಮನೆಯಲ್ಲಿ ಎಲ್ಲರಿಗೂ ಯಾಕೆ ಬೇಕು?"

ತುಸು ದೂರ ನಿಂತಿದ್ದ ಹಂಸಾ ಹತ್ತಿರ ಬಂದರು.

"ಮನೆ ಬಿಸಿ ಮಾಡೋ ಬಾಯ್ಲರ್ ಕೆಟ್ಟಿತ್ತು. ಈ ಚಳಿಗಾಲದಲ್ಲಿ ಎರಡನೇ ಸಲ. ಅದನ್ನೂ ರಿಪೋರ್ಟ್ ಮಾಡಬೇಕಿತ್ತು. ಮಾಡಿದ್ರೆ ಮನೆ ಮುಚ್ಚಿಸಿ ಒಬ್ಬೊಬ್ಬರನ್ನ ಒಂದೊಂದು ಊರಿಗೆ ಹಾಕ್ತಾರೆ ಅಂತ ಹೆದರಿದೆ. ನಿಮ್ಮ ಅಮ್ಮ ನಡುಗ್ತಾ ಇದ್ರು. ಲಿಫ್ಟಲ್ಲಿ ಮೇಲೆ ಕರ್ಕೊಂಡು ಹೋಗಿ ಹೀಟರ್ ಹಾಕಿ ಕೂರಿಸಿದೆ. ಟೀ ತರೋಕೆ ಹೋದೆ, ಅಷ್ಟೇ. ಅಷ್ಟರಲ್ಲಿ ಎದ್ದು ಬಂದು ಮೆಟ್ಟಿಲಲ್ಲಿ ಬಿದ್ದಿದ್ರು. ತೋಳು ಹಿಡಿದು ಎತ್ತಿದ್ದು ನಾನೇ."

"ಆ ಹುಡುಗ?" ಶ್ರೀಶೈಲನ ದನಿ ಗಡುಸಾಗಿತ್ತು.

"ಮೊದಲ ಸುಳ್ಳು ಹೇಳಿದ ಮೇಲೆ ಅವನೇ ಎದುರಿಗೆ ಸಿಕ್ಕಿದ." ಹಂಸಾ ಸೆರಗಿಲ್ಲದ ಯೂನಿಫಾರ್ಮಿನ ತೋಳಿಗೇ ಕಣ್ಣೊರೆಸಿಕೊಂಡರು. "ಅವನ ಮುಖ ನೋಡೋ ಧೈರ್ಯ ಇಲ್ಲ."

"ಭಾನುವಾರವೇ ಫೋನ್ ಮಾಡಿದ್ರೆ ಹೀಟರುಗಳ ವ್ಯವಸ್ಥೆ ಆಗ್ತಿತ್ತು, ಹಂಸಾ," ಎಂದಳು ಚಂದ್ರಿಕಾ. "ವರದಿ ಕೇಳೋದು ಶಿಕ್ಷೆಗಲ್ಲ. ಇಂಥ ಸ್ಕ್ಯಾನ್ ತಪ್ಪಿಹೋಗಬಾರದು ಅಂತ."

ಹಂಸಾ ಅಂದೇ ನಿಜವನ್ನೆಲ್ಲ ಬರೆದುಕೊಟ್ಟರು. ಮ್ಯಾನೇಜರ್ ಕೆಲಸ ಹೋಯಿತು. ಮುಂದೆ ವಿಚಾರಣೆ ಇತ್ತು. ಅನೀಶ್‌ನನ್ನು ಮರಳಿ ಕರೆಸಿಕೊಂಡರು. ಮನೆ ಮುಚ್ಚಲಿಲ್ಲ, ಹೊಸ ಬಾಯ್ಲರ್ ಬಂತು.

ಸಿದ್ದವ್ವ ಚೇತರಿಸಿಕೊಂಡರು. ಮುಂದಿನ ವಾರ ಹಂಸಾ ವಾರ್ಡಿನ ಬಾಗಿಲಲ್ಲಿ ಬಂದು ನಿಂತಾಗ ಶ್ರೀಶೈಲ ಎದ್ದು ನಿಂತ. ಒಳಗೆ ಬಿಡಬೇಕೋ ಬೇಡವೋ ಅವನಿಗೆ ತಿಳಿಯಲಿಲ್ಲ. ಸಿದ್ದವ್ವನನ್ನು ನೋಡಲು ಬಂದು ಅಲ್ಲೇ ಕುಳಿತಿದ್ದ ಚಂದ್ರಿಕಾ ಏನೂ ಹೇಳಲಿಲ್ಲ. ಅದು ಅವನ ತೀರ್ಮಾನ.

ಹೇಳಿದವರು ಸಿದ್ದವ್ವ. ಬಾಗಿಲಲ್ಲಿ ನಿಂತವಳು ಯಾರೆಂದು ಅವರಿಗೆ ನೆನಪಿರಲಿಲ್ಲ. ಬಾಡಿದ ಮುಖ ಮಾತ್ರ ಕಂಡಿತು.

"ಯಾಕವಾ ಹೊರಗ ನಿಂತಿ? ಊಟ ಆತಿಲ್ಲೋ?"

ಶ್ರೀಶೈಲ ತಾನು ಕುಳಿತಿದ್ದ ಕುರ್ಚಿಯನ್ನು ಹಂಸಾ ಕಡೆಗೆ ಸರಿಸಿದ.