ವಿರಾಮದಲ್ಲಿ ನಿಂತ ಹೆಜ್ಜೆಗಳು

ಭಾನುವಾರ ಮಧ್ಯಾಹ್ನ ಮುದುಕ ಆಲ್ದೇಜ್ ಗಾಡ್ಬುವಾ ಅಡುಗೆಮನೆಯ ನೆಲದ ಮೇಲೆ ಸತ್ತು ಬಿದ್ದಿದ್ದರು. ಒಲೆಯ ಮೇಲೆ ಬಟಾಣಿ ಸೂಪು ಇತ್ತು. ಒಲೆ ಹೊತ್ತಿಸಿರಲಿಲ್ಲ. ರಕ್ತದಲ್ಲಿ ಸಕ್ಕರೆ ತಳ ಮುಟ್ಟಿತ್ತು, ಇನ್ಸುಲಿನ್ ಹೆಚ್ಚಾಗಿದೆ ಎಂದರು ವೈದ್ಯರು.

ಬೆಳಿಗ್ಗೆ ಸೂಜಿ ಚುಚ್ಚಿದವಳು ಮೊಮ್ಮಗಳು ನೊಯೆಮಿ. ನಮ್ಮ ತ್ರುವಾ-ರಿವಿಯೇರ್ ಊರಿನ ಪೊಲೀಸರಿಗೆ ಅಷ್ಟೇ ಸಾಕಾಯಿತು. ಚುಚ್ಚಿದವಳೇ ಕೊಂದವಳು ಎಂದು ಸಂಜೆಯೊಳಗೆ ಅವಳನ್ನು ಠಾಣೆಯಲ್ಲಿ ಕೂರಿಸಿದರು. ತಲೆ ಇರುವುದು ಟೋಪಿ ಇಡುವುದಕ್ಕೆ ಎಂದು ತಿಳಿದ ಮಹಾನುಭಾವರು! ಸಾರ್ಜೆಂಟ್ ಲ್ಯೂಸಿಲ್ ಬ್ರಾಸಾರ್ ಒಬ್ಬಳು ಒಪ್ಪಲಿಲ್ಲ. ಪತ್ರಿಕೆಗೆ ಬರೆಯುವ ನಾನು ಅವಳ ಬೆನ್ನು ಹತ್ತಿದೆ.

"ಡಾಕ್ಟರು ಬರೆದಷ್ಟೇ ಕೊಟ್ಟೆ," ಎಂದಳು ನೊಯೆಮಿ. "ಆಮೇಲೆ ಹಠ ಮಾಡಿ ಎಬ್ಬಿಸಿ ನದಿ ತನಕ ನಡೆಸ್ಕೊಂಡು ಹೋದೆ. ಈ ಚಳಿಗಾಲದಲ್ಲಿ ಅಜ್ಜ ಮನೆಯಿಂದ ಆಚೆ ನಡೆದಿದ್ದು ಅವತ್ತೇ."

"ದಿನಾ ನಡೀತಿದ್ರು ಅಂತಾರಲ್ಲ ಸಕ್ಕರೆ ಕಾಯಿಲೆ ಕ್ಲಿನಿಕ್‌ನವರು?" ಎಂದಳು ಬ್ರಾಸಾರ್.

"ನಾನು ಕಂಡಿಲ್ಲಪ್ಪ. ನಾನು ಬರೋದು ಬೆಳಿಗ್ಗೆ ಮಾತ್ರ."

ಬ್ರಾಸಾರ್ ನೇರವಾಗಿ ಗಾಡ್ಬುವಾ ಮನೆಗೆ ಹೋದಳು. ಟಿವಿಯ ಎದುರಿನ ತೂಗುಕುರ್ಚಿಯಲ್ಲಿ ಕೂತು ತೂಗಿದಳು. ಆಮೇಲೆ ಕುರ್ಚಿಯ ಕೆಳಗೆ ಕೈ ಹಾಕಿ ಏನನ್ನೋ ಕಿತ್ತು ಜೇಬಿಗೆ ಇಳಿಸಿದಳು. ನನಗೆ ತೋರಿಸಲಿಲ್ಲ.

*

ಜರ್ಮೇನ್ ಲಾಫ್ರೆನಿಯೇರ್ ಆ ಕ್ಲಿನಿಕ್ಕಿನ ನಡಿಗೆ ಸಲಹೆಗಾರ. ಸಕ್ಕರೆ ಕಾಯಿಲೆಯವರ ಸೊಂಟಕ್ಕೆ ಹೆಜ್ಜೆ ಎಣಿಸುವ ಯಂತ್ರ ಸಿಕ್ಕಿಸಿ, ನಡೆಯಿರಿ ನಡೆಯಿರಿ ಎಂದು ಉಪದೇಶ ಮಾಡುವವನು. ತಾನು ಮಾತ್ರ ಎದುರಿನ ಕಾಫಿ ಅಂಗಡಿಗೂ ಕಾರಿನಲ್ಲೇ ಹೋಗುತ್ತಾನೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಗೋಡೆ ತುಂಬ ಅವನದೇ ಫೋಟೊ. ಇಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

"ಗಾಡ್ಬುವಾ ನಮ್ಮ ಚಿನ್ನ," ಎಂದ. "ಈ ಹಿಮದಲ್ಲೂ ವಾರವಾರ ಹೆಜ್ಜೆ ಏರ್ತಿತ್ತು. ಅವರನ್ನ ತೋರಿಸೇ ನಾವು ಪ್ರಶಸ್ತಿಗೆ ನಿಂತಿರೋದು."

"ಸಕ್ಕರೆ ಇಳೀತಾ?" ಬ್ರಾಸಾರ್ ಕೇಳಿದಳು.

"ಇಲ್ಲ. ಇಷ್ಟು ನಡೆದ್ರೂ ಇಳೀತಿಲ್ಲ ಅಂತ ನಾನೇ ಡಾಕ್ಟರಿಗೆ ಹೇಳಿ ಇನ್ಸುಲಿನ್ ಏರಿಸ್ದೆ."

ಬ್ರಾಸಾರ್ ಕಂಪ್ಯೂಟರ್ ತನ್ನ ಕಡೆ ತಿರುಗಿಸಿಕೊಂಡಳು. "ಪ್ರತಿ ಶನಿವಾರ ಸಂಜೆ ಮೂರು ಸಲ ನಡೆದಿದ್ದಾರೆ. ನಡುವೆ ಎರಡು ಸಲ ನಿಂತಿದ್ದಾರೆ. ನೀವು ಶನಿವಾರ ಟಿವಿಲಿ ಐಸ್-ಹಾಕಿ ಆಟ ನೋಡ್ತೀರಾ?"

"ಛೆ, ಆ ಕೂಗಾಟ ನಂಗಾಗಲ್ಲ."

"ನೋಡಿದ್ರೆ ತಿಳೀತಿತ್ತು. ಮೂರು ಭಾಗದ ಆಟ, ಎರಡು ವಿರಾಮ. ವಿರಾಮ ಬಂತು ಅಂದ್ರೆ ಊರಿಗೆ ಊರೇ ಎದ್ದು ಬಿಯರಿಗೋ ಬಚ್ಚಲಿಗೋ ಓಡುತ್ತೆ. ಗಾಡ್ಬುವಾ ಹೆಜ್ಜೆ ಆಗಲೇ ನಿಲ್ಲುತ್ತೆ. ಆಟ ಶುರುವಾದ್ರೆ ಮತ್ತೆ ಏರುತ್ತೆ. ಅಂದ್ರೆ ಯಂತ್ರ ಅವರ ಸೊಂಟದಲ್ಲಿ ಇರ್ಲಿಲ್ಲ."

"ಮುದುಕ ಕುರ್ಚಿ ಕೆಳಗೆ ಕಟ್ಕೊಂಡ್ರೆ ನಾನೇನ್ಮಾಡ್ಲಿ?"

ಬ್ರಾಸಾರ್ ಜೇಬಿನಿಂದ ಯಂತ್ರ ತೆಗೆದು ಮೇಜಿನ ಮೇಲಿಟ್ಟಳು. "ಕುರ್ಚಿ ಅಂತ ನಾನು ಹೇಳಲೇ ಇಲ್ಲವಲ್ಲ."

ಲಾಫ್ರೆನಿಯೇರ್ ಗೋಡೆಯ ಕಡೆ ನೋಡಿದ. ಅಲ್ಲಿ ಅವನೇ ನಗುತ್ತಿದ್ದ.

"ಅವರಿಗೆ ನಡೆಯೋಕೆ ಸೋಮಾರಿತನ, ನಂಗೆ ಅಂಕಿ ಬೇಕಿತ್ತು. ಕುರ್ಚಿ ತೂಗಿದ್ರೂ ಯಂತ್ರ ಹೆಜ್ಜೆ ಅಂತ ಎಣಿಸುತ್ತೆ; ನಾನೇ ಕಟ್ಟಿಕೊಟ್ಟು, ಯಾರಿಗೂ ಹೇಳ್ಬೇಡಿ ಅಂದೆ. ಸಾಯ್ತಾರೆ ಅಂತ ಕನಸು ಬಿದ್ದಿತ್ತಾ?"

ಸತ್ತವನ ಮೇಲೇ ಪಾಲು ಹೊರಿಸುವ ನಾಲಿಗೆ! ಥೂ. ಬ್ರಾಸಾರ್ ಅವನ ಕೈಗೆ ಬೇಡಿ ಹಾಕಿದಳು.

*

ಠಾಣೆಯಲ್ಲಿ ನೊಯೆಮಿಗೆ ಬ್ರಾಸಾರ್ ಬಿಡಿಸಿ ಹೇಳಿದಳು. "ಕೂತೇ ಇದ್ದವರಿಗೆ, ನಡೀತಿದ್ದಾರೆ ಅಂದ್ಕೊಂಡು ಔಷಧ ಏರಿಸ್ತಾ ಹೋದ್ರು. ಕೂತಿರೋ ತನಕ ದೇಹ ತಡ್ಕೊಳ್ತು. ಭಾನುವಾರ ನಿಜವಾಗ್ಲೂ ನಡೆದ್ರು. ಸಕ್ಕರೆ ಕುಸೀತು. ನೀನಿನ್ನು ಮನೆಗೆ ಹೋಗಬಹುದು."

ನೊಯೆಮಿ ಏಳಲಿಲ್ಲ. "ಹಾಗಾದ್ರೆ ನಾನು ನಡೆಸಿದ್ದಕ್ಕೇ ಸತ್ತರು."

ಬ್ರಾಸಾರ್ ಸಮಾಧಾನಕ್ಕೆ ಸುಳ್ಳು ಹೇಳುವವಳಲ್ಲ. "ಅವನು ಮೋಸ ಮಾಡದೆ ಇದ್ದಿದ್ರೆ, ಆ ನಡಿಗೆನೇ ಅವರನ್ನ ಉಳಿಸ್ತಿತ್ತು."

ಹುಡುಗಿ ಕೋಟಿನ ಗುಂಡಿ ಹಾಕಿಕೊಂಡಳು. ಬಾಗಿಲ ಬಳಿ ತಿರುಗಿ ನಿಂತಳು.

"ಭಾನುವಾರ ಅಜ್ಜ ಎಷ್ಟು ಹೆಜ್ಜೆ ನಡೆದ್ರು ಅಂತಿದೆ ಆ ಯಂತ್ರದಲ್ಲಿ?"

"ಒಂದೂ ಇಲ್ಲ," ಎಂದಳು ಬ್ರಾಸಾರ್.